ಮನೆಬಳಕೆಯ ಕಳೆನಾಶಕ: ಮಾರಾಟದ ಅಂಕಿಅಂಶದಿಂದ ಸಕ್ರಿಯ ಘಟಕದ ಲೆಕ್ಕ ತೆಗೆಯುವುದು ಹೇಗೆ

ಕಳೆನಾಶಕ ಅಂಗಡಿಯಲ್ಲಿ ಬಾಟಲಿ, ಕ್ಯಾನ್, ಚೀಲದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮಣ್ಣಿಗೆ, ಚರಂಡಿಗೆ, ಕೆರೆಗೆ ಎಷ್ಟು ಸೇರಿರಬಹುದು ಎಂದು ಕೇಳುವವರಿಗೆ ಬೇಕಾದದ್ದು ಅದರೊಳಗೆ ಗಿಡ ಕೊಲ್ಲುವ ರಾಸಾಯನಿಕದ, ಅಂದರೆ ಸಕ್ರಿಯ ಘಟಕದ, ತೂಕ: ಕಿಲೋ ಲೆಕ್ಕದ ಗ್ಲೈಫೋಸೇಟ್, ಕಿಲೋ ಲೆಕ್ಕದ 2,4-ಡಿ. ಹೊಲದಲ್ಲಿ ಹೊಡೆದದ್ದಕ್ಕೆ ಕೆಲವೆಡೆಯಾದರೂ ದಾಖಲೆ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಕೃಷಿ ಬಳಕೆಯನ್ನು ಪೂರ್ತಿಯಾಗಿ ವರದಿ ಮಾಡಲೇಬೇಕು. ಮನೆಯಂಗಳದಲ್ಲಿ ಸಿಂಪಡಿಸಿದವರು ಮಾತ್ರ ಅಲ್ಲಿಯೂ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಹಾಗಾಗಿ ಮಾರಾಟದ ಅಂಕಿಅಂಶದಿಂದ ಹಿಂದಕ್ಕೆ ಲೆಕ್ಕ ಹಾಕುವುದೊಂದೇ ದಾರಿ.

ಈ ಕೆಲಸದಲ್ಲಿ ಗುಣಾಕಾರ ಸುಲಭದ ಭಾಗ. ಯಾವ ಬಾಟಲಿಯಲ್ಲಿ, ಯಾವ ವರ್ಷ, ಯಾವ ರೂಪದಲ್ಲಿ ಏನಿತ್ತು ಎಂಬ ಪಟ್ಟಿ ಸರಿಯಿದ್ದರೆ ಉಳಿದದ್ದು ಒಂದು ಮಧ್ಯಾಹ್ನದ ಕೆಲಸ. ಪಟ್ಟಿ ತಪ್ಪಿದ್ದರೆ ಮುಂದೆ ಎಷ್ಟು ಸಂಖ್ಯಾಶಾಸ್ತ್ರ ಬಳಿದರೂ ಉತ್ತರ ತಪ್ಪೇ.

1. ಅಳೆಯುವುದು ಏನನ್ನು ಎಂದು ಮೊದಲೇ ಬರೆದಿಡಿ

ನಾಲ್ಕು ನಿರ್ಧಾರಗಳು ಬೇಕು: ಯಾವ ಪ್ರದೇಶ, ಯಾವ ಅವಧಿ, ಯಾವ ಘಟಕಗಳು, ಮತ್ತು ಉತ್ತರ ಲವಣದ ತೂಕದಲ್ಲೋ ಮೂಲ ಆಮ್ಲದ ತೂಕದಲ್ಲೋ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಅದರ ಬೆಲೆ ಎಷ್ಟು ಎಂಬುದು 4ನೇ ಹಂತದಲ್ಲಿ ಗೊತ್ತಾಗುತ್ತದೆ. ‘ಮನೆಬಳಕೆ’ ಎಂದರೆ ಏನು ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ತೋಟದ ಗುತ್ತಿಗೆದಾರ ಅದೇ ಅಂಗಡಿಯಿಂದ ಅದೇ ಕ್ಯಾನ್ ಒಯ್ಯುತ್ತಾನೆ, ಮನೆಯವರು ಕೃಷಿ ಅಂಗಡಿಯಿಂದ ದೊಡ್ಡ ಕ್ಯಾನ್ ತರುತ್ತಾರೆ. ಮಾರಾಟದ ಕಡತ ಇವರಿಬ್ಬರನ್ನು ಬೇರ್ಪಡಿಸಿ ಕೊಡುವುದಿಲ್ಲ. ಪೊಟ್ಟಣದ ಗಾತ್ರಕ್ಕೆ ಒಂದು ಮಿತಿ ಹಾಕಿಕೊಂಡು, ಆ ಮಿತಿಯನ್ನು ವರದಿಯಲ್ಲಿ ಹೇಳಿಬಿಡುವುದು ಪ್ರಾಮಾಣಿಕ ಮಾರ್ಗ.

2. ಮಾರಾಟದ ಕಡತವನ್ನು ಹದಕ್ಕೆ ತನ್ನಿ

ಸಿಗುವ ದತ್ತಾಂಶ ಸಾಮಾನ್ಯವಾಗಿ ಮೂರು ಬಗೆ. ಅಂಗಡಿಯ ಗಲ್ಲಾದಲ್ಲಿ ಬಾರ್‌ಕೋಡ್ ಸ್ಕ್ಯಾನ್ ಆದಾಗ ಹುಟ್ಟುವ ದಾಖಲೆ ಎಲ್ಲಕ್ಕಿಂತ ಒಳ್ಳೆಯದು. ಯಾವ ಉತ್ಪನ್ನ, ಯಾವ ವಾರ, ಎಷ್ಟು ಎಂದು ನೇರವಾಗಿ ಹೇಳುತ್ತದೆ. ತಯಾರಕರು ಅಂಗಡಿಗೆ ಕಳಿಸಿದ ಸರಕಿನ ದಾಖಲೆ ಎರಡನೆಯದು. ಋತು ಶುರುವಾಗುವ ಮುನ್ನವೇ ಗೋದಾಮು ತುಂಬುವುದರಿಂದ ಇದರಲ್ಲಿ ತಿಂಗಳ ಲೆಕ್ಕ ನಂಬುವಂತಿಲ್ಲ, ವರ್ಷದ ಲೆಕ್ಕ ನಡೆಯುತ್ತದೆ. ಮೂರನೆಯದು ಬರೀ ಹಣದ ಮೊತ್ತ. ಅದಕ್ಕೆ 6ನೇ ಹಂತ ಇದೆ.

ಕಡತ ತೆರೆಯುವಾಗಲೇ ಮೊದಲ ಅನಾಹುತ ಕಾದಿರುತ್ತದೆ. ಬಾರ್‌ಕೋಡ್‌ನಲ್ಲಿ 12 ಅಥವಾ 13 ಅಂಕೆಗಳಿರುತ್ತವೆ. ಎಕ್ಸೆಲ್ ಅದನ್ನು ಸಂಖ್ಯೆ ಎಂದು ಭಾವಿಸಿ ಮುಂದಿನ ಸೊನ್ನೆಯನ್ನು ಕಿತ್ತುಹಾಕುತ್ತದೆ, ಇಲ್ಲವೇ ಘಾತ ರೂಪದಲ್ಲಿ ತೋರಿಸುತ್ತದೆ; ಹಾಗೆಯೇ ಸಿಎಸ್‌ವಿ ಆಗಿ ಉಳಿಸಿದರೆ ಕೊನೆಯ ಅಂಕೆಗಳು ಶಾಶ್ವತವಾಗಿ ಹೋದವು. ಆ ಕಾಲಂ ಅನ್ನು ಆಮದು ಮಾಡುವಾಗಲೇ ‘ಪಠ್ಯ’ ಎಂದು ಗುರುತಿಸಿ. ಕಳೆನಾಶಕಕ್ಕೆ ಸರ್ಕಾರ ಕೊಡುವ, ಅಡ್ಡಗೆರೆ ಇರುವ ನೋಂದಣಿ ಸಂಖ್ಯೆಗಳಿಗೂ ಇದೇ ಮದ್ದು, ಇಲ್ಲದಿದ್ದರೆ ಕೆಲವು ತಾರೀಖುಗಳಾಗಿ ಕೂರುತ್ತವೆ.

ಆಮೇಲೆ ಕಸ ಗುಡಿಸಿ. ‘ಕಳೆ ನಿಯಂತ್ರಣ’ ವಿಭಾಗದಲ್ಲಿ ಸ್ಪ್ರೇಯರ್, ಕೈಗವಸು, ಕಳೆ ತಡೆಯುವ ಬಟ್ಟೆ ಎಲ್ಲವೂ ಸೇರಿರುತ್ತವೆ. ವಾಪಸ್ ಬಂದ ಸರಕು ಋಣ ಸಂಖ್ಯೆಯಾಗಿ ಇರುತ್ತದೆ. ಅದನ್ನು ಅಳಿಸಬೇಡಿ, ಕೂಡುವಾಗ ತಾನೇ ಕಳೆಯುತ್ತದೆ. ಜೋಡಿ ಪೊಟ್ಟಣಗಳಿಗೆ ‘ಒಳಗಿರುವ ಬಾಟಲಿ’ ಎಂದು ಪ್ರತ್ಯೇಕ ಕಾಲಂ ಕೊಡಿ. ಎರಡು ಬಾಟಲಿಯ ಪೊಟ್ಟಣ ಒಂದು ಎಂದು ಎಣಿಕೆಯಾದರೆ ಅಲ್ಲಿ ಅರ್ಧ ವಿಷ ಕಾಣೆಯಾದಂತೆ.

3. ಉತ್ಪನ್ನದ ಪಟ್ಟಿ: ಸಮಯ ಕೊಡಬೇಕಾದ ಜಾಗ ಇದು

ಉತ್ಪನ್ನಗಳನ್ನು ಮಾರಾಟದ ಇಳಿಕೆ ಕ್ರಮದಲ್ಲಿ ಜೋಡಿಸಿ ಮೇಲಿನಿಂದ ಲೇಬಲ್ ಹುಡುಕುತ್ತ ಬನ್ನಿ. ಒಟ್ಟು ಮಾರಾಟದ ಶೇ. 90–95ರಷ್ಟು ಸಿಕ್ಕುವವರೆಗೆ ಒಂದೊಂದನ್ನೂ ಕೈಯಾರೆ ನೋಡಿ. ಬಾಲದಲ್ಲಿ ಉಳಿದ ಸಣ್ಣಪುಟ್ಟವಕ್ಕೆ ಅಂದಾಜು ಸಾಕು. ಜೋಡಿಸುವಾಗ ಒಂದು ಎಚ್ಚರ: ಬರೀ ಬಾಟಲಿ ಎಣಿಕೆಯಿಂದ ಜೋಡಿಸಿದರೆ ಕಾನ್ಸಂಟ್ರೇಟ್‌ಗಳು (ನೀರು ಬೆರೆಸಿ ಬಳಸುವ ಗಾಢ ದ್ರಾವಣಗಳು) ಕೆಳಗೆ ಸರಿಯುತ್ತವೆ, ಸಕ್ರಿಯ ಘಟಕದ ದೊಡ್ಡ ಪಾಲು ಇರುವುದು ಅವುಗಳಲ್ಲೇ. ಸಿದ್ಧ ದ್ರಾವಣ, ಕಾನ್ಸಂಟ್ರೇಟ್, ಹರಳು, ಈ ಮೂರಕ್ಕೂ ಬೇರೆ ಬೇರೆ ಪಟ್ಟಿ ಮಾಡಿ ಪ್ರತಿಯೊಂದರಲ್ಲೂ ಮೇಲಿನಿಂದ ಇಳಿಯಿರಿ.

ಒಂದೊಂದು ಉತ್ಪನ್ನಕ್ಕೂ ಬೇಕಾದ ಕಾಲಂಗಳು: ಬಾರ್‌ಕೋಡ್, ನೋಂದಣಿ ಸಂಖ್ಯೆ, ರೂಪ, ನಿವ್ವಳ ಪ್ರಮಾಣ, ಅದರ ಏಕಮಾನ, ಸಾಂದ್ರತೆ (ಒಂದು ಮಿಲಿ ದ್ರವದ ತೂಕ, ಗ್ರಾಂನಲ್ಲಿ), ಘಟಕದ ಹೆಸರು, ಸಿಎಎಸ್ ಸಂಖ್ಯೆ (ಒಂದೊಂದು ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ), ಶೇಕಡಾ, ಆ ಶೇಕಡಾ ತೂಕದ್ದೋ ಲೀಟರಿಗೆ ಗ್ರಾಂ ಲೆಕ್ಕದ್ದೋ, ಮತ್ತು ಆ ಲೇಬಲ್ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಚಾಲ್ತಿಯಲ್ಲಿತ್ತು. ಒಂದು ಉತ್ಪನ್ನದಲ್ಲಿ ಮೂರು ಘಟಕಗಳಿದ್ದರೆ ಮೂರು ಸಾಲು ಬರೆಯಿರಿ. ಅಡ್ಡಕ್ಕೆ ಕಾಲಂ ಬೆಳೆಸಿಕೊಂಡು ಹೋದರೆ ನಾಲ್ಕನೇ ಘಟಕ ಬಂದಾಗ ಇಡೀ ಹಾಳೆ ಕೆಡುತ್ತದೆ.

ಮಾರುಕಟ್ಟೆಯ ಹೆಸರು ನೋಡಿ ಘಟಕ ಊಹಿಸುವುದು ಈ ಕೆಲಸದ ಮಹಾಪಾಪ. ರೌಂಡಪ್ ಎಂದರೆ ಗ್ಲೈಫೋಸೇಟ್ ಎಂದು ಎಲ್ಲರ ಬಾಯಲ್ಲೂ ಕೂತಿದೆ. ಆದರೆ ರೌಂಡಪ್ ಫಾರ್ ಲಾನ್ಸ್ ಹೆಸರಿನ ಉತ್ಪನ್ನದಲ್ಲಿ ಗ್ಲೈಫೋಸೇಟ್ ಇಲ್ಲ. ಇರುವುದು ಎಂಸಿಪಿಎ, ಕ್ವಿಂಕ್ಲೊರಾಕ್, ಡೈಕಾಂಬ ಮತ್ತು ಸಲ್ಫೆಂಟ್ರಜೋನ್ ಎಂಬ ಬೇರೆ ಕಳೆನಾಶಕ ಘಟಕಗಳು. ಗ್ಲೈಫೋಸೇಟ್ ಇದ್ದಿದ್ದರೆ ಹುಲ್ಲುಹಾಸೇ ಸತ್ತುಹೋಗುತ್ತಿತ್ತು. ಇನ್ನೂ ದೊಡ್ಡ ಬಲೆ ಕಾಲದ್ದು. ಅಮೆರಿಕದ ಮನೆ-ತೋಟದ ಮಾರುಕಟ್ಟೆಯಲ್ಲಿ ಗ್ಲೈಫೋಸೇಟ್ ಬದಲು ಬೇರೆ ಘಟಕಗಳನ್ನು 2023ರಿಂದ ಬಳಸುವುದಾಗಿ ರೌಂಡಪ್ ತಯಾರಕ ಕಂಪನಿ ಬೇಯರ್ 2021ರಲ್ಲಿ ಪ್ರಕಟಿಸಿತು. ಬ್ರ್ಯಾಂಡ್ ಅದೇ, ಒಳಗಿರುವುದು ಬೇರೆ. ಇಂದಿನ ಲೇಬಲ್ ತೆಗೆದು 2019ರ ಮಾರಾಟಕ್ಕೆ ಹಚ್ಚಿದರೆ ಇದ್ದ ಗ್ಲೈಫೋಸೇಟ್ ಮಾಯ. ಹಳೆಯದನ್ನು ಹೊಸ ವರ್ಷಕ್ಕೆ ಹಚ್ಚಿದರೆ ಇಲ್ಲದ್ದು ಪ್ರತ್ಯಕ್ಷ. ಬದಲಾವಣೆಯ ವರ್ಷದಲ್ಲಿ ಹಳೆ ದಾಸ್ತಾನೂ ಹೊಸದೂ ಒಂದೇ ಕಪಾಟಿನಲ್ಲಿ ಇರುತ್ತವೆ. ಬಾರ್‌ಕೋಡ್ ಬದಲಾಗಿದ್ದರೆ ಪುಣ್ಯ. ಬದಲಾಗದಿದ್ದರೆ ಆ ಅವಧಿಗೆ ಎರಡೂ ಲೇಬಲ್ ಹಚ್ಚಿ, ಎರಡು ಉತ್ತರಗಳ ನಡುವಿನ ವ್ಯಾಪ್ತಿಯನ್ನು ಕೊಡಿ.

ಲೇಬಲ್ ಸಿಗದ ಅಂಗಡಿ-ಬ್ರ್ಯಾಂಡ್‌ಗಳಿಗೆ ಒಂದು ಒಳದಾರಿ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಕೊಡುವ ನೋಂದಣಿ ಸಂಖ್ಯೆಯಲ್ಲಿ ಮೊದಲ ಭಾಗ ಕಂಪನಿಯದು, ಎರಡನೆಯದು ಉತ್ಪನ್ನದ್ದು. ಮೂರನೆಯ ಭಾಗ ಇದ್ದರೆ ಅದು ಬೇರೆ ಹೆಸರಿನಲ್ಲಿ ಮಾರುವ ವಿತರಕನದು. ಮೊದಲ ಎರಡು ಭಾಗ ಒಂದೇ ಆದರೆ ಒಳಗಿನ ಸೂತ್ರವೂ ಒಂದೇ. ಹತ್ತು ಹೆಸರಿನ ಹತ್ತು ಬಾಟಲಿಗಳು ಹೀಗೆ ಒಂದೇ ಸಾಲಿಗೆ ಇಳಿಯುವುದುಂಟು. ಲೇಬಲ್‌ನಲ್ಲಿ ‘ಇಪಿಎ ಎಸ್ಟ್.’ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಅದು ತಯಾರಾದ ಕಾರ್ಖಾನೆಯದು, ಅದರಿಂದ ಸೂತ್ರ ತಿಳಿಯುವುದಿಲ್ಲ.

ಸಿಎಎಸ್ ಸಂಖ್ಯೆ ನಕಲು ಮಾಡುವಾಗ ಬೆರಳು ಜಾರಿತೇ ಎಂದು ಕೂಡಲೇ ಪರೀಕ್ಷಿಸಬಹುದು, ಏಕೆಂದರೆ ಕೊನೆಯ ಅಂಕೆ ತಾಳೆ ನೋಡಲೆಂದೇ ಇರುವುದು. 2,4-ಡಿಯದು 94-75-7. ಕೊನೆಯ 7 ಬಿಟ್ಟು ಉಳಿದ ಅಂಕೆಗಳನ್ನು ಬಲದಿಂದ ಎಡಕ್ಕೆ 1, 2, 3, 4ರಿಂದ ಗುಣಿಸಿ: 5×1, 7×2, 4×3, 9×4. ಒಟ್ಟು 67, ಬಿಡಿಸ್ಥಾನದಲ್ಲಿ 7. ಸರಿ. ಗ್ಲೈಫೋಸೇಟ್ ಆಮ್ಲ 1071-83-6, ಅದರ ಐಸೊಪ್ರೊಪೈಲಮೀನ್ ಲವಣ 38641-94-0. ಈ ಎರಡೂ ಒಂದೇ ಅಲ್ಲ. ಹೆಸರಿಗಿಂತ ಸಂಖ್ಯೆ ಹೆಚ್ಚು ನಂಬಿಗಸ್ತ ಎನ್ನುವುದು ಇದಕ್ಕೇ.

4. ಲವಣದಿಂದ ಆಮ್ಲಕ್ಕೆ

ಗ್ಲೈಫೋಸೇಟ್, 2,4-ಡಿ, ಡೈಕಾಂಬದಂಥವು ಮೂಲತಃ ಆಮ್ಲಗಳು. ನೀರಿನಲ್ಲಿ ಚೆನ್ನಾಗಿ ಕರಗಲಿ ಎಂದು ಅವನ್ನು ಲವಣ ಮಾಡುತ್ತಾರೆ, ಎಲೆಯ ಮೇಣ ದಾಟಲಿ ಎಂದು ಎಸ್ಟರ್ ಮಾಡುತ್ತಾರೆ. ಲೇಬಲ್ ಮೇಲಿನ ಶೇಕಡಾ ಸಾಮಾನ್ಯವಾಗಿ ಈ ಲವಣ ಅಥವಾ ಎಸ್ಟರ್‌ನದು. ಗಿಡ ಕೊಲ್ಲುವುದು ಆಮ್ಲದ ಭಾಗ, ಜೊತೆಗಿರುವುದು ಸಾಗಿಸುವ ಗಾಡಿ. ಬೇರೆ ಬೇರೆ ಲವಣಗಳನ್ನು ಹಾಗೇ ಕೂಡಿದರೆ ಗಾಡಿಗಳ ತೂಕವನ್ನೂ ಕೂಡಿದಂತೆ.

ಪರಿವರ್ತನೆಯ ಗುಣಕ ಎಂದರೆ ಆಮ್ಲದ ಅಣುತೂಕವನ್ನು ಲವಣದ ಅಣುತೂಕದಿಂದ ಭಾಗಿಸಿದ್ದು. ಗ್ಲೈಫೋಸೇಟ್ 169.07, ಅದರ ಐಸೊಪ್ರೊಪೈಲಮೀನ್ ಲವಣ 228.2, ಗುಣಕ 0.741. ಪದೇ ಪದೇ ಎದುರಾಗುವ ಉಳಿದವು:

ಗ್ಲೈಫೋಸೇಟ್ ಪೊಟ್ಯಾಸಿಯಂ ಲವಣ: 0.816
ಗ್ಲೈಫೋಸೇಟ್ ಅಮೋನಿಯಂ ಲವಣ: 0.908
2,4-ಡಿ ಡೈಮೀಥೈಲಮೀನ್ ಲವಣ: 0.831
2,4-ಡಿ 2-ಈಥೈಲ್‌ಹೆಕ್ಸೈಲ್ ಎಸ್ಟರ್: 0.663
ಡೈಕಾಂಬ ಡೈಮೀಥೈಲಮೀನ್ ಲವಣ: 0.831
ಎಂಸಿಪಿಎ ಡೈಮೀಥೈಲಮೀನ್ ಲವಣ: 0.817
ಟ್ರೈಕ್ಲೋಪಿರ್ ಟ್ರೈಈಥೈಲಮೀನ್ ಲವಣ: 0.717
ಟ್ರೈಕ್ಲೋಪಿರ್ ಬ್ಯುಟಾಕ್ಸಿಈಥೈಲ್ ಎಸ್ಟರ್: 0.719
ಡೈಕ್ವಾಟ್ ಡೈಬ್ರೊಮೈಡ್‌ನಿಂದ ಡೈಕ್ವಾಟ್ ಅಯಾನ್‌ಗೆ: 0.535

2,4-ಡಿ ಮತ್ತು ಡೈಕಾಂಬ ಎರಡಕ್ಕೂ ಒಂದೇ ಗುಣಕ ಬಂದದ್ದು ಮುದ್ರಣದೋಷವಲ್ಲ. ಎರಡರ ಅಣುಸೂತ್ರವೂ ಒಂದೇ, ಅಣುತೂಕ 221.04, ಪರಮಾಣುಗಳ ಜೋಡಣೆ ಮಾತ್ರ ಬೇರೆ.

ಲೇಬಲ್‌ನ ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಆಮ್ಲ ಸಮಾನ ಇಷ್ಟು’ ಎಂದು ಬರೆದಿದ್ದರೆ ಅದನ್ನೇ ತೆಗೆದುಕೊಳ್ಳಿ, ಮತ್ತೆ ಗುಣಕ ಹಾಕಬೇಡಿ. ಎರಡು ಸಲ ಪರಿವರ್ತಿಸಿದ ಸಾಲುಗಳನ್ನು ಹಿಡಿಯಲು ‘ಈ ಶೇಕಡಾ ಲವಣದ್ದೋ ಆಮ್ಲದ್ದೋ’ ಎಂಬ ಕಾಲಂ ಒಂದಿರಲಿ.

5. ಲೆಕ್ಕ

ದ್ರವಕ್ಕೆ ಸೂತ್ರ ಇಷ್ಟೇ: ಗಾತ್ರ (ಮಿಲಿ) × ಸಾಂದ್ರತೆ × ಶೇಕಡಾ ÷ 100 × ಗುಣಕ × ಮಾರಾಟವಾದ ಸಂಖ್ಯೆ. ಸಾಂದ್ರತೆ ಸಿಗುವುದು ಸುರಕ್ಷತಾ ಮಾಹಿತಿ ಪತ್ರದ 9ನೇ ವಿಭಾಗದಲ್ಲಿ. ಹರಳಿಗೆ ಚೀಲದ ತೂಕವೇ ಇರುವುದರಿಂದ ಸಾಂದ್ರತೆ ಬೇಡ. ಲೇಬಲ್ ‘ಲೀಟರಿಗೆ ಇಷ್ಟು ಗ್ರಾಂ’ ಎಂದು ಹೇಳಿದ್ದರೂ ಬೇಡ. ಅಭ್ಯಾಸಬಲದಿಂದ ಅಲ್ಲಿಯೂ ಸಾಂದ್ರತೆ ಗುಣಿಸುವುದು ಸಾಮಾನ್ಯ ತಪ್ಪು.

ಉದಾಹರಣೆಗೆ ಮೂರು ಕಾಲ್ಪನಿಕ ಉತ್ಪನ್ನ ಇಟ್ಟುಕೊಳ್ಳೋಣ.

‘ಕ’ ಸಿದ್ಧ ದ್ರಾವಣ, 5 ಲೀಟರ್, ಗ್ಲೈಫೋಸೇಟ್ ಐಸೊಪ್ರೊಪೈಲಮೀನ್ ಲವಣ ತೂಕದಲ್ಲಿ ಶೇ. 2, ಸಾಂದ್ರತೆ 1.01. ದ್ರವದ ತೂಕ 5,050 ಗ್ರಾಂ, ಲವಣ 101 ಗ್ರಾಂ, ಆಮ್ಲ 74.8 ಗ್ರಾಂ. 9,000 ಕ್ಯಾನ್ ಮಾರಾಟವಾದರೆ ಸುಮಾರು 674 ಕಿಲೋ.

‘ಖ’ ಕಾನ್ಸಂಟ್ರೇಟ್, 1 ಲೀಟರ್, ಅದೇ ಲವಣ ಶೇ. 41, ಸಾಂದ್ರತೆ 1.17. ತೂಕ 1,170 ಗ್ರಾಂ, ಲವಣ ಸುಮಾರು 480 ಗ್ರಾಂ, ಆಮ್ಲ 355.5 ಗ್ರಾಂ. ಶೇ. 41ರ ನಿಜವಾದ ಲೇಬಲ್‌ಗಳಲ್ಲಿ ‘ಲೀಟರಿಗೆ 480 ಗ್ರಾಂ ಲವಣ, 356 ಗ್ರಾಂ ಆಮ್ಲ’ ಎಂದೇ ಇರುತ್ತದೆ, ಅಂದರೆ ದಾರಿ ಸರಿಯಿದೆ. 1,000 ಬಾಟಲಿಗೆ 355.5 ಕಿಲೋ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿ. ಮಾರಾಟವಾದ ದ್ರವ 46,000 ಲೀಟರ್, ಅದರಲ್ಲಿ ‘ಖ’ ಬರೀ ಶೇ. 2.2. ಗ್ಲೈಫೋಸೇಟ್‌ನಲ್ಲಿ ಮಾತ್ರ ಅದರ ಪಾಲು ಶೇ. 34.5. ಕಪಾಟಿನ ಮೂಲೆಯ ಒಂದು ಸಣ್ಣ ಬಾಟಲಿ ‘ಕ’ದ ಹೆಚ್ಚುಕಡಿಮೆ 24 ಲೀಟರಿಗೆ ಸಮ. ಆದ್ದರಿಂದ ನೂರು ಸಿದ್ಧ ದ್ರಾವಣದ ಸಾಲು ಬಿಟ್ಟುಹೋದರೂ ತಡೆಯಬಹುದು, ಒಂದು ಕಾನ್ಸಂಟ್ರೇಟ್ ಸಾಲು ಬಿಟ್ಟುಹೋಗಬಾರದು. ‘ಖ’ಕ್ಕೆ ಸಾಂದ್ರತೆ 1 ಎಂದು ಸುಮ್ಮನೆ ಹಾಕಿದ್ದರೆ ಲವಣ 410 ಗ್ರಾಂ ಬರುತ್ತಿತ್ತು, ಶೇ. 14ಕ್ಕೂ ಹೆಚ್ಚು ಕಡಿಮೆ. ‘ಕ’ದಲ್ಲಿ ಅದೇ ಸೋಮಾರಿತನದ ದಂಡ ಶೇ. 1 ಮಾತ್ರ. ಸಿದ್ಧ ದ್ರಾವಣಕ್ಕೆ ಸಾಂದ್ರತೆ ಹುಡುಕುತ್ತ ಸಮಯ ಕಳೆಯಬೇಡಿ. ಕಾನ್ಸಂಟ್ರೇಟ್‌ಗೆ ಹುಡುಕದೆ ಬಿಡಬೇಡಿ.

‘ಗ’ ಗೊಬ್ಬರ ಬೆರೆತ ಹರಳು, 10 ಕಿಲೋ ಚೀಲ, 2,4-ಡಿ ಶೇ. 1.2 ಮತ್ತು ಮೆಕೊಪ್ರಾಪ್-ಪಿ ಶೇ. 0.6, ಎರಡೂ ಆಮ್ಲ ರೂಪದಲ್ಲಿ. ಚೀಲಕ್ಕೆ 120 ಮತ್ತು 60 ಗ್ರಾಂ. 2,000 ಚೀಲಕ್ಕೆ 240 ಮತ್ತು 120 ಕಿಲೋ. ಇಂಥ ಚೀಲಗಳು ಬಹಳ ಸಲ ‘ಗೊಬ್ಬರ’ ವಿಭಾಗದಲ್ಲಿ ದಾಖಲಾಗಿರುತ್ತವೆ. ಕಳೆನಾಶಕ ವಿಭಾಗ ಮಾತ್ರ ತೆಗೆದುಕೊಂಡವರಿಗೆ 2,4-ಡಿ ಕಡಿಮೆ ಬರಲು ಮೊದಲ ಕಾರಣ ಇದು.

ಏಕಮಾನಗಳ ಬಗ್ಗೆ ಎರಡು ಮಾತು. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546, ಅದಲುಬದಲಾದರೆ ಶೇ. 20ರ ತಪ್ಪು. ಬಾಟಲಿ ಮೇಲಿನ ಔನ್ಸ್ ಗಾತ್ರದ್ದು, 29.57 ಮಿಲಿ, ಚೀಲದ ಮೇಲಿನದು ತೂಕದ್ದು, 28.35 ಗ್ರಾಂ. ಕಡತದಲ್ಲಿ ಎರಡಕ್ಕೂ ಒಂದೇ ಸಂಕ್ಷೇಪ ಇರುವುದುಂಟು.

6. ಬರೀ ಹಣದ ಮೊತ್ತ ಇದ್ದರೆ

ಮೊತ್ತವನ್ನು ಸರಾಸರಿ ಬೆಲೆಯಿಂದ ಭಾಗಿಸಬೇಕು. ಅದು ನಮೂದಿಸಿದ ಬೆಲೆಯಾಗಿರಬಾರದು, ನಿಜವಾಗಿ ಮಾರಾಟವಾದ ಬೆಲೆಯಾಗಿರಬೇಕು. ಮಾಮೂಲಿ ಬೆಲೆ 12, ರಿಯಾಯಿತಿ ಬೆಲೆ 9, ಒಟ್ಟು ವಹಿವಾಟು 60,000 ಎನ್ನಿ. 12ರಿಂದ ಭಾಗಿಸಿದರೆ 5,000 ಬಾಟಲಿ. ಅರ್ಧದಷ್ಟು ಬಾಟಲಿಗಳು ರಿಯಾಯಿತಿಯಲ್ಲಿ ಹೋಗಿದ್ದರೆ ಸರಾಸರಿ 10.5, ಬಾಟಲಿ 5,714. ಅರ್ಧದಷ್ಟು ಹಣ ರಿಯಾಯಿತಿ ಮಾರಾಟದಿಂದ ಬಂದಿದ್ದರೆ 2,500 ಕೂಡಿಸು 3,333, ಅಂದರೆ 5,833. ‘ಅರ್ಧ’ ಎಂದವರು ಯಾವ ಅರ್ಧ ಹೇಳಿದರು ಎಂದು ಕೇಳದೆ ಮುಂದೆ ಹೋಗಬೇಡಿ. ಕಾನ್ಸಂಟ್ರೇಟ್ ಮತ್ತು ಸಿದ್ಧ ದ್ರಾವಣದ ಹಣ ಒಂದೇ ಮೊತ್ತದಲ್ಲಿ ಕಲಸಿದ್ದರೆ ಘಟಕದ ಲೆಕ್ಕಕ್ಕೆ ಕೈ ಹಾಕದಿರುವುದೇ ಮೇಲು. ಒಂದು ರೂಪಕ್ಕೂ ಇನ್ನೊಂದಕ್ಕೂ ಹಣಕ್ಕೆ ಸಿಗುವ ಗ್ರಾಂ ಅಷ್ಟು ಬೇರೆ.

7. ಕಾಣದ ಪಾಲು

ಸ್ಕ್ಯಾನ್ ದತ್ತಾಂಶ ಎಂದರೆ ದತ್ತಾಂಶ ಕೊಡಲು ಒಪ್ಪಿದ ಅಂಗಡಿಗಳ ದತ್ತಾಂಶ. ದೊಡ್ಡ ಸರಪಳಿ ಅಂಗಡಿಯೊಂದು ಹೊರಗಿದ್ದರೆ, ಆನ್‌ಲೈನ್ ಮಾರಾಟ ಸೇರದಿದ್ದರೆ ಸಿಕ್ಕಿದ್ದು ಒಂದು ಭಾಗ ಮಾತ್ರ. ಮೇಲಿನ ‘ಕ’ ಮತ್ತು ‘ಖ’ ಕೂಡಿದ 1,029 ಕಿಲೋ ಗ್ಲೈಫೋಸೇಟ್ ಮಾರುಕಟ್ಟೆಯ ಶೇ. 60ರಿಂದ 75ನ್ನು ಒಳಗೊಂಡಿದೆ ಎನ್ನುವುದಾದರೆ ಪೂರ್ತಿ ಅಂದಾಜು 1,372ರಿಂದ 1,715 ಕಿಲೋ. ಈ ವ್ಯಾಪ್ತಿಯ ಮುಂದೆ ಬೇರೆ ಅನಿಶ್ಚಿತತೆಗಳು ಚಿಕ್ಕವು. ಅಮೆರಿಕದ ನಿಯಮದ ಪ್ರಕಾರ ಒಳಗಿನ ಪ್ರಮಾಣ ನಮೂದಿಗಿಂತ ಎಷ್ಟು ಅತ್ತಿತ್ತ ಆಗಬಹುದು ಎಂಬುದಕ್ಕೆ ಮಾಮೂಲಿ ಮಿತಿ ಶೇ. 1ರವರೆಗಿನ ಘಟಕಕ್ಕೆ ಅದರ ಶೇ. 10, 1ರಿಂದ 20ರವರೆಗೆ ಶೇ. 5, ಅದಕ್ಕೂ ಮೇಲೆ ಶೇ. 3. ದಶಾಂಶ ಚಿಹ್ನೆಯ ನಂತರ ಎರಡು ಅಂಕೆ ಬರೆದು ಬೀಗುವವರು ಇದನ್ನು ನೆನೆಯಬೇಕು.

ಹೊರಗುಳಿದ ಅಂಗಡಿಗಳು ಒಳಗಿರುವವುಗಳಂತೆಯೇ ಇರುತ್ತವೆ ಎಂದು ನಂಬಿ ಒಂದೇ ಗುಣಕದಿಂದ ಉಬ್ಬಿಸುವುದು ಅಪಾಯ. ಕಟ್ಟಡ ಸಾಮಗ್ರಿ, ಕೃಷಿ ಸಾಮಗ್ರಿ ಮಾರುವಲ್ಲಿ ಕಾನ್ಸಂಟ್ರೇಟ್ ಹೆಚ್ಚು ಹೋಗುತ್ತದೆ, ದಿನಸಿ ಅಂಗಡಿಯಲ್ಲಿ ಸ್ಪ್ರೇ ಬಾಟಲಿ. ಸಾಧ್ಯವಾದರೆ ರೂಪವಾರು ಬೇರೆ ಗುಣಕ ಹಾಕಿ. ಲೇಬಲ್ ಸಿಗದ ಬಾಲಕ್ಕೂ ಇದೇ ನೀತಿ: ಅದೇ ರೂಪ, ಅದೇ ಗಾತ್ರವರ್ಗದ ಗೊತ್ತಿರುವ ಉತ್ಪನ್ನಗಳ ಸರಾಸರಿಯನ್ನು, ಮಾರಾಟದ ತೂಕ ಕೊಟ್ಟು, ಹಚ್ಚಿ. ಎಲ್ಲವನ್ನೂ ಕಲಸಿದ ಒಂದೇ ಸರಾಸರಿ ಯಾವ ಬಾಟಲಿಗೂ ಹೊಂದುವುದಿಲ್ಲ.

8. ಉತ್ತರವನ್ನು ತಟ್ಟಿ ನೋಡಿ

ಮೊದಲು ಮನೆಗೆಷ್ಟು ಬಂತು ನೋಡಿ. ಒಟ್ಟನ್ನು ಪ್ರದೇಶದ ಮನೆಗಳ ಸಂಖ್ಯೆಯಿಂದ ಭಾಗಿಸಿ, ಅದನ್ನು ‘ಕ’ದಂಥ ಎಷ್ಟು ಕ್ಯಾನ್ ಆಗುತ್ತದೆ ಎಂದು ತಿರುಗಿಸಿ. ಪ್ರತಿ ಮನೆಗೂ ವರ್ಷಕ್ಕೆ 20 ಕ್ಯಾನ್ ಎಂದು ಬಂದರೆ ಎಲ್ಲೋ ಶೇಕಡಾವನ್ನು 100ರಿಂದ ಭಾಗಿಸಿಲ್ಲ ಅಥವಾ ಔನ್ಸ್ ಗ್ಯಾಲನ್ ಆಗಿದೆ.

ಎರಡನೆಯದು ಸರ್ಕಾರಿ ಅಂಕಿಯೊಂದಿಗೆ ಹೋಲಿಕೆ. ಕ್ಯಾಲಿಫೋರ್ನಿಯಾದ ಕೀಟನಾಶಕ ನಿಯಂತ್ರಣ ಇಲಾಖೆ ಘಟಕವಾರು ಮಾರಾಟವನ್ನು ಪೌಂಡ್‌ಗಳಲ್ಲಿ ಪ್ರಕಟಿಸುತ್ತದೆ. ಅದರಿಂದ ವರದಿಯಾದ ಬಳಕೆ ಕಳೆದರೆ ಉಳಿಯುವುದು ವರದಿಯಾಗದ ಬಳಕೆ. ಅದೆಲ್ಲವೂ ಮನೆಯದಲ್ಲ, ಸಂಸ್ಥೆ ಮತ್ತು ಕೈಗಾರಿಕೆಗಳದೂ ಸೇರಿದೆ. ಹಾಗಾಗಿ ಅದು ಮೇಲ್ಮಿತಿ. ನಿಮ್ಮ ಅಂದಾಜು ಅದನ್ನು ದಾಟಿದರೆ ತಪ್ಪು ನಿಮ್ಮ ಕಡೆ ಹುಡುಕಿ. ಇಪಿಎ ಕೂಡ ದೇಶಮಟ್ಟದ ಮನೆ-ತೋಟದ ಅಂದಾಜನ್ನು ವ್ಯಾಪ್ತಿಯಾಗಿಯೇ ಕೊಡುತ್ತದೆ: 2012ಕ್ಕೆ 2,4-ಡಿ 70ರಿಂದ 90 ಲಕ್ಷ ಪೌಂಡ್, ಗ್ಲೈಫೋಸೇಟ್ 40ರಿಂದ 60 ಲಕ್ಷ ಪೌಂಡ್. ಆ ಕಾಲದ ಅಮೆರಿಕದ ದತ್ತಾಂಶದಲ್ಲಿ ನಿಮಗೆ 2,4-ಡಿ ತೀರಾ ಹಿಂದೆ ಬಿದ್ದಿದ್ದರೆ ಗೊಬ್ಬರದ ಚೀಲಗಳನ್ನು ಮತ್ತೊಮ್ಮೆ ಎಣಿಸಿ.

9. ವರದಿ ಬರೆಯುವಾಗ

ಘಟಕವಾರು ಬರೆಯಿರಿ, ‘ಒಟ್ಟು ಕಳೆನಾಶಕ ಇಷ್ಟು ಟನ್’ ಎಂಬ ಒಂದೇ ಸಂಖ್ಯೆಗೆ ಮನಸೋಲಬೇಡಿ. ಶೇ. 20ರ ಅಸಿಟಿಕ್ ಆಮ್ಲದ, ಅಂದರೆ ವಿನಿಗರ್‌ನ, ಒಂದು ಲೀಟರಿನಲ್ಲಿ 200 ಗ್ರಾಂಗೂ ಹೆಚ್ಚು ಸಕ್ರಿಯ ಘಟಕ ಇರುತ್ತದೆ. ‘ಕ’ದ ಒಂದು ಲೀಟರಿನಲ್ಲಿ 15 ಗ್ರಾಂ. ಜನ ಗ್ಲೈಫೋಸೇಟ್ ಬಿಟ್ಟು ವಿನಿಗರ್ ಅಥವಾ ಪೆಲಾರ್ಗೋನಿಕ್ ಆಮ್ಲಕ್ಕೆ ಹೊರಳಿದ ವರ್ಷ ‘ಒಟ್ಟು ಟನ್’ ಏರುತ್ತದೆ, ಪತ್ರಿಕೆಗೆ ತಲೆಬರಹ ಸಿಗುತ್ತದೆ, ಅರ್ಥ ಮಾತ್ರ ತಲೆಕೆಳಗಾಗಿರುತ್ತದೆ. ಇಮಾಜಪಿಕ್‌ನಂಥ ಕಳೆನಾಶಕ ಘಟಕಗಳು ಇದರ ತದ್ವಿರುದ್ಧ, ಅತಿ ಕಡಿಮೆ ಗ್ರಾಂನಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡುತ್ತವೆ. ಘಟಕಗಳನ್ನು ಹೋಲಿಸಲೇಬೇಕಾದರೆ ಲೇಬಲ್‌ನಲ್ಲಿ ಹೇಳಿದ ಪ್ರಮಾಣದಿಂದ ಎಷ್ಟು ಚದರ ಮೀಟರ್‌ಗೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿ ಆ ವಿಸ್ತೀರ್ಣವನ್ನು ಹೋಲಿಸಿ.

ಇನ್ನು, ಮಾರಾಟವಾದದ್ದೆಲ್ಲ ಅದೇ ವರ್ಷ ಮಣ್ಣಿಗೆ ಬೀಳುವುದಿಲ್ಲ. ಅರ್ಧ ಖಾಲಿಯಾದ ಕ್ಯಾನ್ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಕಾನ್ಸಂಟ್ರೇಟ್ ಇನ್ನೂ ಹೆಚ್ಚು. ಕೋಷ್ಟಕದ ಶೀರ್ಷಿಕೆಯಲ್ಲಿ ‘ಬಳಕೆ’ ಎಂದಿರುವಲ್ಲೆಲ್ಲ ‘ಮಾರಾಟ’ ಎಂದು ತಿದ್ದಿ. ಬಳಕೆಗೆ ಹತ್ತಿರದ ಸಂಖ್ಯೆ ಬೇಕಿದ್ದರೆ ಒಂದೇ ವರ್ಷದ್ದನ್ನು ತೆಗೆದುಕೊಳ್ಳದೆ ಮೂರು ವರ್ಷಗಳ ಸರಾಸರಿ ಕೊಡಿ. ನಡುವೆ ನಿಷೇಧವೋ ಸೂತ್ರ ಬದಲಾವಣೆಯೋ ಬಂದಿದ್ದರೆ ಆ ಸರಾಸರಿಯನ್ನೂ ಕೊಡಬೇಡಿ. ಫ್ರಾನ್ಸ್‌ನಲ್ಲಿ 2019ರ ಜನವರಿ 1ರಿಂದ ಹವ್ಯಾಸಿ ತೋಟಗಾರರಿಗೆ ಸಂಶ್ಲೇಷಿತ ಕೀಟನಾಶಕ, ಕಳೆನಾಶಕಗಳ ಮಾರಾಟ ನಿಂತಿತು. ಅದರ ಆಚೀಚಿನ ವರ್ಷಗಳನ್ನು ಬೆರೆಸಿದ ಸರಾಸರಿ ಯಾವ ವರ್ಷದ ಸ್ಥಿತಿಯನ್ನೂ ಹೇಳುವುದಿಲ್ಲ.